ಶಿಕ್ಷೆಯ ಮನೆಯಲ್ಲಿ ಶಿಕ್ಷೆಯಿಲ್ಲದ ಪಾಠ: ಕೈದಿಗಳು ನಾಯಿಗಳನ್ನು ತಯಾರು ಮಾಡುವಾಗ ಏನಾಗುತ್ತದೆ?

ಮೈತುಂಬ ಹಚ್ಚೆ ಹಾಕಿಸಿಕೊಂಡ ದೊಡ್ಡ ಆಳು, ಅವನ ತೊಡೆ ಮೇಲೆ ಎರಡು ತಿಂಗಳ ಲ್ಯಾಬ್ರಡಾರ್ ಮರಿ. ಜೈಲಿನಲ್ಲಿ ತೆಗೆದ ಇಂಥ ಫೋಟೋ ನೀವೂ ನೋಡಿರುತ್ತೀರಿ. ನೋಡಿದವರಲ್ಲಿ ಸಾಮಾನ್ಯವಾಗಿ ಎರಡು ಗುಂಪು. ಒಬ್ಬರಿಗೆ ಕಣ್ಣು ತುಂಬಿ ಬರುತ್ತದೆ. ಇನ್ನೊಬ್ಬರಿಗೆ ಮೈ ಉರಿಯುತ್ತದೆ: ಯಾರನ್ನೋ ಕೊಂದು ಒಳಗೆ ಹೋದವನಿಗೆ ಆಡಲಿಕ್ಕೆ ನಾಯಿಮರಿ ಬೇರೆ ಬೇಕಾ?

ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ಇಬ್ಬರೂ ಎಡವುವುದು ಒಂದೇ ಕಡೆ. ಆ ಮರಿ ಅಲ್ಲಿಗೆ ಬಂದಿರುವುದು ಮುದ್ದು ಮಾಡಿಸಿಕೊಳ್ಳಲಿಕ್ಕಲ್ಲ. ಅದೊಂದು ಕೆಲಸ. ರಾತ್ರಿ ಹಗಲು ಇರುವ, ಓದಬೇಕಾದ, ಪರೀಕ್ಷೆ ಬರೆಯಬೇಕಾದ, ಒಂದು ಸಲ ಜಗಳಕ್ಕೆ ಇಳಿದರೆ ಮರುದಿನವೇ ಕೈತಪ್ಪಿ ಹೋಗಬಹುದಾದ ಕೆಲಸ. ಕೈದಿಗಳಿಂದ ನಾಯಿಗಳಿಗೆ ತರಬೇತಿ ಕೊಡಿಸುವ ಈ ಕಾರ್ಯಕ್ರಮಗಳು ಏನಾದರೂ ಬದಲಾವಣೆ ತರುತ್ತಿದ್ದರೆ ಅದು ನಾಯಿಯ ಪ್ರೀತಿಯೊಂದರಿಂದಲೇ ಆಗುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ನಾಯಿಗೆ ಕಲಿಸುವ ವಿಧಾನವೇ ಅಲ್ಲಿ ಅರ್ಧ ಕೆಲಸ ಮಾಡುತ್ತಿದೆ.

ಮೊದಲು ಇದು ನಡೆಯುವ ರೀತಿ ನೋಡೋಣ. ಮುಖ್ಯವಾಗಿ ಎರಡು ಬಗೆ ಇವೆ. ಒಂದರಲ್ಲಿ ನಾಯಿಗಳ ಶೆಲ್ಟರ್‌ನಿಂದ ಯಾರಿಗೂ ಬೇಡವಾದ ನಾಯಿಗಳು ಬರುತ್ತವೆ. ಹೆದರಿಕೆಯಿಂದ ಮೂಲೆ ಸೇರಿದವು, ಮನುಷ್ಯರ ಮೇಲೆ ಹಾರುವವು, ಬರೀ ಕೂಗುವವು, ಸುಮ್ನೆ ಯಾರ ಕಣ್ಣಿಗೂ ಬೀಳದೆ ಉಳಿದವು. ಇವು ಕೆಲವು ವಾರ ಕೈದಿಗಳ ಜೊತೆ ಇದ್ದು, ಮನೆಯಲ್ಲಿ ಬಾಳುವುದನ್ನು ಕಲಿತು, ದತ್ತು ಹೋಗುತ್ತವೆ. ಎರಡನೆಯ ಬಗೆ ಇನ್ನೂ ಕಷ್ಟದ್ದು. ಕಣ್ಣು ಕಾಣದವರಿಗೆ, ವೀಲ್‌ಚೇರ್‌ನಲ್ಲಿ ಇರುವವರಿಗೆ, ಯುದ್ಧದಿಂದ ಮನಸ್ಸು ಹಣ್ಣಾಗಿ ಬಂದ ಸೈನಿಕರಿಗೆ ನೆರವಾಗುವ ನಾಯಿಯನ್ನು ಎಳೆಯ ಮರಿಯಿಂದ ಬೆಳೆಸುವುದು. ನ್ಯೂಯಾರ್ಕ್ ರಾಜ್ಯದಲ್ಲಿ ಗ್ಲೋರಿಯಾ ಗಿಲ್ಬರ್ಟ್ ಸ್ಟೋಗಾ 1997ರಲ್ಲಿ ಶುರು ಮಾಡಿದ 'ಪಪ್ಪೀಸ್ ಬಿಹೈಂಡ್ ಬಾರ್ಸ್' ಇದಕ್ಕೆ ಹೆಸರುವಾಸಿ. ಬೆಡ್‌ಫರ್ಡ್ ಹಿಲ್ಸ್ ಎಂಬ ಹೆಂಗಸರ ಜೈಲಿಗೆ ಐದು ಮರಿಗಳನ್ನು ತಂದು ಆರಂಭಿಸಿದ ಕೆಲಸ ಅದು. ಮರಿ ಎಂಟು ವಾರದ್ದಿರುವಾಗ ಒಳಗೆ ಬರುತ್ತದೆ. ಕೈದಿಯ ಸೆಲ್‌ನಲ್ಲೇ ಅದರ ಗೂಡು. ರಾತ್ರಿ ಎದ್ದು ಹೊರಗೆ ಕರೆದುಕೊಂಡು ಹೋಗಬೇಕು, ಊಟಕ್ಕೆ, ಕೆಲಸಕ್ಕೆ, ತರಗತಿಗೆ ಎಲ್ಲಿಗೆ ಹೋದರೂ ಜೊತೆಗೆ ಇರಬೇಕು. ಪ್ರತಿ ವಾರ ಹೊರಗಿನಿಂದ ತರಬೇತುದಾರರು ಬಂದು ಪಾಠ ಮಾಡುತ್ತಾರೆ, ಲೆಕ್ಕ ಕೇಳುತ್ತಾರೆ. ಸುಮಾರು ಎರಡು ವರ್ಷದ ಹೊತ್ತಿಗೆ ನಾಯಿ ಹೊರಟುಹೋಗುತ್ತದೆ.

ಇದೆಲ್ಲ ಇತ್ತೀಚೆಗೆ ಹುಟ್ಟಿದ ಯೋಚನೆ ಏನಲ್ಲ. 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ ತೆರೆದ ಮಾನಸಿಕ ಆರೈಕೆಯ ಮನೆಯಲ್ಲಿ ಕೋಳಿ, ಮೊಲಗಳನ್ನು ಬಿಟ್ಟಿದ್ದರು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಹಾಕುತ್ತಿದ್ದ ಕಾಲ ಅದು. ತಮಗಿಂತ ದುರ್ಬಲವಾದ ಜೀವವೊಂದನ್ನು ನೋಡಿಕೊಳ್ಳುವವರು ತಮ್ಮನ್ನೂ ಹಿಡಿತದಲ್ಲಿ ಇಟ್ಟುಕೊಳ್ಳಲು ಕಲಿಯುತ್ತಾರೆ ಎನ್ನುವುದು ಅಲ್ಲಿದ್ದವರ ನಂಬಿಕೆ. 1975ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಲೈಮಾದಲ್ಲಿ ಅದೇ ಮಾತು ಇನ್ನೊಂದು ರೀತಿಯಲ್ಲಿ ಕಣ್ಣಿಗೆ ಬಿತ್ತು. ಅಪರಾಧ ಮಾಡಿದ ಮನೋರೋಗಿಗಳನ್ನು ಇಡುವ ಆಸ್ಪತ್ರೆ ಅದು. ಒಬ್ಬರ ಜೊತೆ ಒಬ್ಬರು ಮಾತೇ ಆಡದ ರೋಗಿಗಳು ಗಾಯಗೊಂಡ ಗುಬ್ಬಚ್ಚಿಯೊಂದನ್ನು ಗುಟ್ಟಾಗಿ ಒಳಗೆ ತಂದು, ಹುಳ ಹಿಡಿದು ತಿನ್ನಿಸಿ, ಎಲ್ಲರೂ ಸೇರಿ ಸಾಕುತ್ತಿದ್ದರು. ಅಲ್ಲಿನ ಸಮಾಜ ಕಾರ್ಯಕರ್ತ ಡೇವಿಡ್ ಲೀ ಇದನ್ನು ಗಮನಿಸಿದರು. ಗದರಿಸಿ ಹಕ್ಕಿಯನ್ನು ಹೊರಗೆ ಹಾಕಿಸುವ ಬದಲು, ಒಂದು ವಾರ್ಡಿನಲ್ಲಿ ಸಾಕುಪ್ರಾಣಿ ಇಟ್ಟು ಇನ್ನೊಂದರಲ್ಲಿ ಇಡದೆ ಒಂದು ವರ್ಷ ಹೋಲಿಸಿ ನೋಡಿದರು. ಪ್ರಾಣಿಗಳಿದ್ದ ವಾರ್ಡಿನಲ್ಲಿ ಔಷಧಿ ಅರ್ಧಕ್ಕೆ ಇಳಿಯಿತು, ಹೊಡೆದಾಟ ಕಡಿಮೆಯಾಯಿತು ಎಂದು ವರದಿಯಾಯಿತು.

ಆದರೆ ನಾಯಿ ತರಬೇತಿ ಎಂಬ ರೂಪ ಬಂದಿದ್ದು 1981ರಲ್ಲಿ, ವಾಷಿಂಗ್ಟನ್ ರಾಜ್ಯದ ಹೆಂಗಸರ ಜೈಲಿನಲ್ಲಿ. ಅದರ ಹಿಂದೆ ಇದ್ದವರು ಪೌಲಿನ್ ಕ್ವಿನ್ ಎಂಬ ಕ್ರೈಸ್ತ ಸಂನ್ಯಾಸಿನಿ. ಹುಡುಗಿಯಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ, ಬೀದಿಯಲ್ಲೂ ಸರ್ಕಾರಿ ಸಂಸ್ಥೆಗಳಲ್ಲೂ ಹಿಂಸೆ ಉಂಡವರು ಅವರು. ಒಂದು ಜರ್ಮನ್ ಶೆಫರ್ಡ್ ನಾಯಿ ತನ್ನನ್ನು ಬದುಕಿಗೆ ಮರಳಿ ತಂದಿತು ಎಂದು ಹೇಳುತ್ತಿದ್ದರು. ಪಶುವೈದ್ಯ ಪ್ರೊಫೆಸರ್ ಲಿಯೋ ಬುಸ್ಟಾಡ್ ಅವರ ನೆರವಿನಿಂದ ಜೈಲಿನ ಅಧಿಕಾರಿಗಳನ್ನು ಒಪ್ಪಿಸಿ ಈ ಕೆಲಸ ಶುರು ಮಾಡಿದರು. 2020ರಲ್ಲಿ ಅವರು ತೀರಿಕೊಂಡರು. ಈಗ ಅಮೆರಿಕದ ಬಹುಪಾಲು ರಾಜ್ಯಗಳ ಜೈಲುಗಳಲ್ಲಿ ಇಂಥ ಒಂದಲ್ಲ ಒಂದು ಕಾರ್ಯಕ್ರಮ ನಡೆದಿದೆ.

ಈಗ ವಿಧಾನದ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಮಾತೆಲ್ಲ ನಿಂತಿರುವುದು ಅದರ ಮೇಲೆ. ಹಿಂದಿನ ಕಾಲದ ನಾಯಿ ತರಬೇತಿ ಎಂದರೆ ಕುತ್ತಿಗೆ ಬಿಗಿಯುವ ಸರಪಳಿ, ಗದರಿಕೆ, ಹೊಡೆತ. ಇಂದಿನ ಸಹಾಯಕ ನಾಯಿ ಸಂಸ್ಥೆಗಳಲ್ಲಿ ಹೆಚ್ಚಿನವು ಅದನ್ನು ಬಿಟ್ಟಿವೆ ಅಥವಾ ತುಂಬಾ ಕಡಿಮೆ ಮಾಡಿವೆ. ಈಗಿನ ದಾರಿ, ನಾಯಿ ಸರಿಯಾದದ್ದು ಮಾಡಿದ ಕ್ಷಣವನ್ನು ಹಿಡಿದು ಅದಕ್ಕೆ ಬಹುಮಾನ ಕೊಡುವುದು. ಕೈಯಲ್ಲಿ ಕ್ಲಿಕ್ಕರ್ ಎಂಬ ಸಣ್ಣ ಪೆಟ್ಟಿಗೆ, ಒತ್ತಿದರೆ ಟಿಕ್ ಎನ್ನುತ್ತದೆ. ಟಿಕ್ ಎಂದರೆ "ಈಗ ಮಾಡಿದೆಯಲ್ಲ, ಅದೇ", ತಕ್ಷಣ ಒಂದು ತುಂಡು ತಿನಿಸು. ಒಂದೆರಡು ಸೆಕೆಂಡ್ ತಡವಾದರೂ ನಾಯಿ ಬೇರೇನನ್ನೋ ಕಲಿಯುತ್ತದೆ. ಅಂದರೆ ಕಲಿಸುವವನು ಇಡೀ ಹೊತ್ತು ಕಣ್ಣಿಟ್ಟು ನೋಡುತ್ತಿರಬೇಕು. ಅವನು ಹುಡುಕಬೇಕಾದದ್ದು ತಪ್ಪನ್ನಲ್ಲ, ಸರಿಯಾದದ್ದನ್ನು.

ಒಂದು ಉದಾಹರಣೆ. ವೀಲ್‌ಚೇರ್‌ನಲ್ಲಿ ಇರುವವರಿಗಾಗಿ ಫ್ರಿಜ್ ಬಾಗಿಲು ತೆರೆಯುವುದನ್ನು ನಾಯಿಗೆ ಕಲಿಸಬೇಕು. ಬಾಗಿಲಿನ ಹಿಡಿಗೆ ಒಂದು ಹಗ್ಗ ಕಟ್ಟುತ್ತಾರೆ. ಮೊದಲ ದಿನ ನಾಯಿ ಹಗ್ಗದ ಕಡೆ ನೋಡಿದರೆ ಸಾಕು, ಟಿಕ್. ಆಮೇಲೆ ಮೂಗು ತಾಗಿಸಿದರೆ. ಆಮೇಲೆ ಬಾಯಿಗೆ ತೆಗೆದುಕೊಂಡರೆ. ಆಮೇಲೆ ಹಿಡಿದುಕೊಂಡಿದ್ದರೆ, ಸ್ವಲ್ಪ ಎಳೆದರೆ, ಬಾಗಿಲು ತೆರೆಯುವಷ್ಟು ಎಳೆದರೆ. ಈ ಮೆಟ್ಟಿಲುಗಳಲ್ಲಿ ನಾಯಿ ಎಲ್ಲೋ ಸಿಕ್ಕಿಬಿದ್ದರೆ, ಮೂರು ಸಲ ಸೋತರೆ, ತರಬೇತುದಾರರು ಹೇಳುವುದು ಒಂದೇ: ನೀವು ಕೇಳಿದ್ದು ಜಾಸ್ತಿಯಾಯಿತು, ಒಂದು ಮೆಟ್ಟಿಲು ಕೆಳಗಿಳಿಯಿರಿ. ನಾಯಿಯ ಸೋಲಿಗೆ ಕಾರಣವನ್ನು ಕಲಿಸುವವನು ತನ್ನ ಪಾಠದಲ್ಲೇ ಹುಡುಕಬೇಕು. ಚಿಕ್ಕಂದಿನಿಂದಲೂ ತಪ್ಪು ಯಾರದ್ದು ಎಂಬ ಪ್ರಶ್ನೆಗೆ ಏಟಿನಲ್ಲೇ ಉತ್ತರ ಸಿಕ್ಕ ಮನುಷ್ಯನಿಗೆ ಇದು ಎಷ್ಟು ಹೊಸದು ಎಂದು ಯೋಚಿಸಿ.

ಸಿಟ್ಟು ಮಾಡಿಕೊಂಡರೆ ಏನಾಗುತ್ತದೆ ಎನ್ನುವುದನ್ನೂ ನಾಯಿಯೇ ತೋರಿಸುತ್ತದೆ. ಮರಿ ಸೆಲ್‌ನಲ್ಲಿ ಉಚ್ಚೆ ಮಾಡಿತು, ಕೂಗಾಡಿದಿರಿ. ಮರಿ ಅದರಿಂದ ಕಲಿಯುವುದು "ಒಳಗೆ ಮಾಡಬಾರದು" ಎಂದಲ್ಲ, "ಇವನ ಕಣ್ಣೆದುರು ಮಾಡಬಾರದು" ಎಂದು. ಮುಂದಿನ ಸಲ ಮಂಚದ ಕೆಳಗೆ ಹೋಗಿ ಮಾಡುತ್ತದೆ. ಶಿಕ್ಷೆ ಬಚ್ಚಿಡುವುದನ್ನು ಕಲಿಸುತ್ತದೆ ಎಂಬ ಮಾತನ್ನು ಉಪನ್ಯಾಸದಲ್ಲಿ ಕೇಳುವುದೇ ಬೇರೆ. ತಾನೇ ಕೂಗಾಡಿ, ತನ್ನನ್ನು ನಂಬಿದ್ದ ಜೀವ ತನ್ನನ್ನು ಕಂಡು ಕುಗ್ಗಿ ಹಿಂದೆ ಸರಿಯುವುದನ್ನು ನೋಡುವುದೇ ಬೇರೆ. ಅದನ್ನು ಸರಿ ಮಾಡಲಿಕ್ಕೆ ಆಮೇಲೆ ದಿನಗಟ್ಟಲೆ ಹಿಡಿಯುತ್ತದೆ. ಕ್ಷಮೆ ಕೇಳಿ ಮುಗಿಸುವ ಹಾಗಿಲ್ಲ, ನಾಯಿಗೆ ಮಾತು ಬರುವುದಿಲ್ಲ. ನಡವಳಿಕೆ ಬದಲಾಯಿಸಿಯೇ ತೋರಿಸಬೇಕು.

ಇನ್ನೊಂದು ಕಲಿಕೆ ಮೈಯ ಭಾಷೆ ಓದುವುದು. ಜೈಲಿನಲ್ಲಿ ಬದುಕಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಎದುರಿಗೆ ಬರುವವನ ಭುಜ, ಕೈ, ಕಣ್ಣು ನೋಡಿ ಅಪಾಯ ಅಳೆಯುವುದರಲ್ಲಿ ಅವರು ಪಳಗಿರುತ್ತಾರೆ. ನಾಯಿ ತರಬೇತಿಯಲ್ಲಿ ಅದೇ ಕಣ್ಣು ಬೇರೆ ಕೆಲಸಕ್ಕೆ ಬೇಕು. ನಿದ್ದೆ ಬರದಿದ್ದರೂ ನಾಯಿ ಆಕಳಿಸಿತು, ತುಟಿ ನೆಕ್ಕಿಕೊಂಡಿತು, ಮುಖ ಪಕ್ಕಕ್ಕೆ ತಿರುಗಿಸಿತು, ಬಾಲ ಒಳಗೆಳೆದುಕೊಂಡಿತು ಎಂದರೆ ಅದಕ್ಕೆ ಒತ್ತಡವಾಗುತ್ತಿದೆ. ಆಗ ಹಿಂದೆ ಸರಿಯಬೇಕು. ಎದುರಿನ ಜೀವಕ್ಕೆ ಭಯವಾಗಿದೆ ಎಂದು ಗೊತ್ತಾದಾಗ ಮುಂದೆ ನುಗ್ಗದೆ ಹಿಂದೆ ಸರಿಯುವುದು, ಅದನ್ನು ದಿನಕ್ಕೆ ಹತ್ತಾರು ಸಲ ಮಾಡುವುದು. ಹಿಂಸೆಯ ಕಾರಣಕ್ಕೆ ಒಳಗೆ ಬಂದವನಿಗೆ ಇದಕ್ಕಿಂತ ನೇರವಾದ ಅಭ್ಯಾಸ ನನಗೆ ಹೊಳೆಯುವುದಿಲ್ಲ.

ಹಾಗೇ ದನಿಯ ವಿಷಯ. ಮರಿಯನ್ನು ಹೊಗಳುವಾಗ ದನಿ ತೆಳ್ಳಗೆ, ಖುಷಿಯಾಗಿ ಇರಬೇಕು, ಎಳೆ ಮಗುವಿನ ಜೊತೆ ಮಾತಾಡುವ ಹಾಗೆ. ಗಂಡಸರ ಜೈಲಿನ ಅಂಗಳದಲ್ಲಿ, ನೂರು ಜನರ ಎದುರಿಗೆ, ಹಾಗೆ ಮಾತಾಡುವುದು ಸಣ್ಣ ವಿಷಯವಲ್ಲ. ಅಲ್ಲಿ ಮೆತ್ತಗಿರುವುದು ಎಂದರೆ ಅಪಾಯ. ನಾಯಿ ಕೈಯಲ್ಲಿ ಇರುವಾಗ ಮಾತ್ರ ಅದಕ್ಕೆ ಒಂದು ಪರವಾನಗಿ ಸಿಕ್ಕ ಹಾಗೆ. ಮುಟ್ಟುವುದೂ ಅಷ್ಟೇ. ವರ್ಷಗಟ್ಟಲೆ ತಪಾಸಣೆ ಮಾಡುವ ಕೈ, ಬೇಡಿ ಹಾಕುವ ಕೈ, ಹೊಡೆಯುವ ಕೈ ಬಿಟ್ಟರೆ ಬೇರೆ ಸ್ಪರ್ಶವೇ ಇಲ್ಲದ ಬದುಕು ಅದು. ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ ಮಗುವಿನ ನಡುವೆ ಕೆಲಸ ಮಾಡುವುದೂ ಅದೇ ಹಾರ್ಮೋನು. ಪ್ರೀತಿಯ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದು ಮನುಷ್ಯನನ್ನು ಕೆಲಸಕ್ಕೆ ಹಚ್ಚುತ್ತದೆ, ಕೆಲಸ ಅವನನ್ನು ತಿದ್ದುತ್ತದೆ.

ಈಗ ಇದರ ಪಕ್ಕದಲ್ಲಿ ಜೈಲನ್ನು ಇಟ್ಟು ನೋಡಿ. ಜೈಲು ನಡೆಯುವುದು ಎಣಿಕೆ, ಆಜ್ಞೆ, ಬೀಗ, ತಪ್ಪಿಗೆ ದಂಡ ಎಂಬ ನಾಲ್ಕರ ಮೇಲೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಬಾಗಿಲಿನಲ್ಲಿ ಹೋಗಬೇಕು, ಎಲ್ಲವನ್ನೂ ಬೇರೆಯವರು ನಿರ್ಧರಿಸುತ್ತಾರೆ. ಹತ್ತು ವರ್ಷ ಹೀಗೆ ಬದುಕಿದವನಿಗೆ ನಿರ್ಧಾರ ಮಾಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಆಮೇಲೆ ಒಂದು ದಿನ ಬಾಗಿಲು ತೆರೆದು "ಹೋಗು, ಜವಾಬ್ದಾರಿಯಿಂದ ಬದುಕು" ಎನ್ನುತ್ತಾರೆ. ಅಮೆರಿಕದ ನ್ಯಾಯಾಂಗ ಅಂಕಿಅಂಶ ಇಲಾಖೆ 2005ರಲ್ಲಿ 30 ರಾಜ್ಯಗಳಿಂದ ಬಿಡುಗಡೆಯಾದವರನ್ನು ಹಿಂಬಾಲಿಸಿ ನೋಡಿತು. ಮೂರು ವರ್ಷದೊಳಗೆ ಶೇ 67.8ರಷ್ಟು, ಐದು ವರ್ಷದೊಳಗೆ ಶೇ 76.6ರಷ್ಟು ಮಂದಿ ಮತ್ತೆ ಬಂಧನಕ್ಕೆ ಒಳಗಾಗಿದ್ದರು. ನಾಯಿ ಕೊಟ್ಟ ಜೈಲಿನಲ್ಲಿ ಕನಿಷ್ಠ ಕೆಲವರಿಗಾದರೂ ಬೆಳಗ್ಗೆಯಿಂದ ರಾತ್ರಿವರೆಗೆ ಸಣ್ಣ ಸಣ್ಣ ನಿರ್ಧಾರಗಳು ಇರುತ್ತವೆ. ಇವತ್ತು ಇದಕ್ಕೆ ಹೊಟ್ಟೆ ಸರಿಯಿದೆಯಾ? ಈ ಪಾಠ ಇಲ್ಲಿಗೆ ನಿಲ್ಲಿಸಲಾ? ನನ್ನ ಮೇಲೆ ರೇಗಿದವನಿಗೆ ಉತ್ತರ ಕೊಟ್ಟರೆ ನಾಯಿಯನ್ನು ಕಳೆದುಕೊಳ್ಳುತ್ತೇನಾ?

ಕೊನೆಯ ಪ್ರಶ್ನೆ ದೊಡ್ಡದು. 2017ರಲ್ಲಿ ವಾಷಿಂಗ್ಟನ್ ರಾಜ್ಯದ ಜೈಲುಗಳ ಮೇಲೆ ನಡೆದ ಅಧ್ಯಯನವೊಂದು ನಾಯಿ ನೋಡಿಕೊಳ್ಳುವ ಕೈದಿಗಳನ್ನು ಅವರಂಥದೇ ಹಿನ್ನೆಲೆಯ ಬೇರೆ ಕೈದಿಗಳ ಜೊತೆ ಹೋಲಿಸಿತು. ನಾಯಿ ಇದ್ದವರಲ್ಲಿ ನಿಯಮ ಮುರಿಯುವುದು, ಹೊಡೆದಾಟ ಎರಡೂ ಕಡಿಮೆ ಕಂಡವು. ಬ್ಲಾಕಿನ ವಾತಾವರಣವೂ ಬದಲಾಗುತ್ತದೆ ಎಂದು ಇಂಥ ಜೈಲುಗಳ ಸಿಬ್ಬಂದಿ ಹೇಳುವುದುಂಟು. ಗಾರ್ಡ್ ಬಂದು ನಾಯಿಯ ಬಗ್ಗೆ ವಿಚಾರಿಸುತ್ತಾನೆ. ಕೈದಿ ಮತ್ತು ಕಾವಲಿನವನು ಆಜ್ಞೆ ಬಿಟ್ಟು ಬೇರೆ ವಿಷಯ ಮಾತಾಡುವುದು ಬಹುಶಃ ಅದೇ ಮೊದಲು.

ಹಾಗಾದರೆ ನಾಯಿ ಕಾರ್ಯಕ್ರಮ ಅಪರಾಧವನ್ನು ಕಡಿಮೆ ಮಾಡುತ್ತದೆ ಎಂದು ಸಾಬೀತಾಗಿದೆಯಾ? ಇಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಈ ವಿಷಯದಲ್ಲಿ ಉತ್ಸಾಹ ಹೆಚ್ಚು, ಲೆಕ್ಕ ಕಡಿಮೆ. ಒರೆಗಾನ್ ರಾಜ್ಯದ ಬಾಲ ಅಪರಾಧಿಗಳ ಕೇಂದ್ರವೊಂದರಲ್ಲಿ 1993ರಿಂದ ನಡೆದ 'ಪ್ರಾಜೆಕ್ಟ್ ಪೂಚ್' ಬಗ್ಗೆ ಎಲ್ಲ ಕಡೆ ಒಂದು ಮಾತು ಓಡಾಡುತ್ತದೆ: ಅದರಲ್ಲಿ ಭಾಗವಹಿಸಿದ ಹುಡುಗರಲ್ಲಿ ಒಬ್ಬನೂ ಮತ್ತೆ ಅಪರಾಧ ಮಾಡಲಿಲ್ಲ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಸಂಖ್ಯೆ ಚಿಕ್ಕದು, ಹುಡುಗರು ಆಯ್ಕೆಯಾಗಿ ಬಂದವರು. ಈ ಆಯ್ಕೆಯೇ ಎಲ್ಲದಕ್ಕೂ ತೊಡಕು. ನಾಯಿ ಬೇಕೆಂದರೆ ಕೈದಿ ತಾನಾಗಿ ಅರ್ಜಿ ಹಾಕಬೇಕು, ತಿಂಗಳುಗಟ್ಟಲೆ ಶಿಸ್ತಿನ ದಾಖಲೆ ಚೊಕ್ಕವಾಗಿರಬೇಕು, ಪ್ರಾಣಿಹಿಂಸೆ ಮಾಡಿರಬಾರದು. ಹಲವು ಕಡೆ ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧ ಇದ್ದವರನ್ನೂ ಸೇರಿಸುವುದಿಲ್ಲ. ಹೀಗೆ ಸೋಸಿ ತೆಗೆದ ಜನ ಹೊರಗೆ ಹೋಗಿ ಚೆನ್ನಾಗಿ ಬದುಕಿದರೆ ಅದು ನಾಯಿಯಿಂದಲೋ, ಅವರು ಮೊದಲೇ ಆ ದಾರಿಗೆ ಬಂದಿದ್ದರಿಂದಲೋ? ಅದರ ಮೇಲೆ, ವಯಸ್ಸಾದ ಹಾಗೆ ಅಪರಾಧ ತಾನಾಗಿಯೇ ಕಡಿಮೆಯಾಗುತ್ತದೆ. ಇಂಥ ಕೆಲಸಕ್ಕೆ ಸೇರುವವರಲ್ಲಿ ದೀರ್ಘ ಶಿಕ್ಷೆಯ, ನಡುವಯಸ್ಸು ದಾಟಿದ ಜನ ಬಹಳ.

ಗಂಭೀರವಾಗಿ ಅಳೆದವರು ಇಲ್ಲವೆಂದಲ್ಲ. 2016ರಲ್ಲಿ ಕುಕ್ ಮತ್ತು ಫ್ಯಾರಿಂಗ್ಟನ್ ಎಂಬ ಸಂಶೋಧಕರು ಅಲ್ಲಿವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಚಿತ್ರ ಆಶಾದಾಯಕವಾಗಿಯೇ ಇತ್ತು, ಆದರೆ ಅಧ್ಯಯನಗಳು ಕೆಲವೇ ಇದ್ದವು, ಇನ್ನೂ ಗಟ್ಟಿಯಾದವು ಬೇಕಿತ್ತು. ಫ್ಲಾರಿಡಾದ ಜೈಲುಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ನಾಯಿ ತರಬೇತಿ ಮುಗಿಸಿದವರು ಬಿಡುಗಡೆಯಾದ ಮೇಲೆ ಮತ್ತೆ ಬಂಧನಕ್ಕೆ ಒಳಗಾಗುವ ಸಾಧ್ಯತೆ ಕಡಿಮೆ ಎಂದು ಕಂಡುಬಂತು. ನನಗೆ ಎಲ್ಲಕ್ಕಿಂತ ಯೋಚನೆಗೆ ಹಚ್ಚಿದ್ದು 2018ರಲ್ಲಿ ಪ್ರಕಟವಾದ, ಅಮೆರಿಕದ ಬಾಲ ಅಪರಾಧಿಗಳ ಮೇಲಿನ ಒಂದು ಪ್ರಯೋಗ. ಅಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ನಾಯಿಗೆ ತರಬೇತಿ ಕೊಟ್ಟಿತು, ಇನ್ನೊಂದು ನಾಯಿಯನ್ನು ಬರೀ ಅಡ್ಡಾಡಿಸಿತು. ಎರಡೂ ಗುಂಪಿನಲ್ಲಿ ಬೇರೆಯವರ ನೋವು ಅರಿಯುವ ಗುಣ ಹೆಚ್ಚಿತು. ಅದರ ಜೊತೆಗೆ ಎರಡರಲ್ಲೂ ದುಗುಡ, ಕಳವಳವೂ ಹೆಚ್ಚಾಗಿ ಕಾಣಿಸಿತು.

ಇದು ನನ್ನ ವಾದಕ್ಕೆ ಅಷ್ಟು ಅನುಕೂಲದ ಫಲಿತಾಂಶವಲ್ಲ. ತರಬೇತಿಯ ವಿಧಾನವೇ ಮುಖ್ಯ ಎಂದಾದರೆ ತರಬೇತಿ ಕೊಟ್ಟ ಗುಂಪು ಮುಂದೆ ಇರಬೇಕಿತ್ತು. ಅದು ವಾರಗಳ ಲೆಕ್ಕದ ಕಾರ್ಯಕ್ರಮ, ಎರಡು ವರ್ಷ ಮರಿ ಸಾಕುವುದಕ್ಕೆ ಹೋಲಿಸಲು ಆಗುವುದಿಲ್ಲ ಎಂದು ನಾನು ಅಂದುಕೊಳ್ಳುತ್ತೇನೆ, ಆದರೆ ಅದು ನನ್ನ ಅನಿಸಿಕೆ ಮಾತ್ರ. ದುಗುಡ ಹೆಚ್ಚಿದ್ದು ನನಗೆ ಕೆಟ್ಟ ಸುದ್ದಿಯಾಗಿ ಕಾಣುವುದಿಲ್ಲ. ಮರಗಟ್ಟಿದ ಮನಸ್ಸಿಗೆ ಸ್ಪರ್ಶಜ್ಞಾನ ಮರಳಿದಾಗ ಮೊದಲು ತಿಳಿಯುವುದು ನೋವೇ. ಹಾಗಿದ್ದರೆ ನಾಯಿ ಬಿಟ್ಟರಾಯಿತು ಎಂದು ಕೈಕಟ್ಟಿ ಕೂರುವ ಹಾಗಿಲ್ಲ, ಪಕ್ಕದಲ್ಲಿ ಮಾತಾಡಿಸುವ ಆಪ್ತಸಮಾಲೋಚಕರೂ ಇರಬೇಕು.

ಜೀವಾವಧಿ ಕೈದಿಗಳ ವಿಷಯದಲ್ಲಂತೂ ಮರು ಅಪರಾಧದ ಲೆಕ್ಕಕ್ಕೆ ಅರ್ಥವೇ ಇಲ್ಲ. ಹೊರಗೆ ಬರುವ ಆಸೆಯೇ ಇಲ್ಲದವರೂ ಮರಿಗಳನ್ನು ಬೆಳೆಸುತ್ತಾರೆ. ಅಮೆರಿಕದಂಥ ದೇಶದಲ್ಲಿ ಅವರ ಸಂಖ್ಯೆ ದೊಡ್ಡದು. ಅವರು ಬೆಳೆಸಿದ ನಾಯಿ ಮಾತ್ರ ಹೊರಗೆ ಹೋಗಿ, ಮಧ್ಯರಾತ್ರಿ ದುಃಸ್ವಪ್ನದಲ್ಲಿ ಒದ್ದಾಡುವ ಮಾಜಿ ಸೈನಿಕನನ್ನು ಎಬ್ಬಿಸುತ್ತದೆ, ದೀಪ ಹಾಕುತ್ತದೆ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಉಪಯೋಗಕ್ಕೆ ಬಂದ ಎನ್ನುವುದಕ್ಕೆ ಇನ್ನೂ ಯಾವ ಅಂಕಿ ಬೇಕು?

ಈಗ ಮೊದಲು ಹೇಳಿದ ಸಿಟ್ಟಿನ ವಿಷಯ. ಕೊಲೆಯಾದವರ ಮನೆಯವರಿಗೆ, ಏಟು ತಿಂದವರಿಗೆ ಆ ಫೋಟೋ ನೋಡಿದಾಗ ಆಗುವ ಸಂಕಟ ನಿಜವಾದದ್ದು. "ನಮ್ಮ ಮಗ ಇಲ್ಲ, ಅವನು ನಾಯಿಮರಿ ಜೊತೆ ನಗುತ್ತಿದ್ದಾನೆ." ಇದಕ್ಕೆ ಅಂಕಿಅಂಶದಿಂದ ಉತ್ತರ ಕೊಡಲು ಹೋಗಬಾರದು. ಪ್ರಚಾರದ ಆಸೆಗೆ ಕೈದಿಯ ಮುಖ, ಹೆಸರು ಹಾಕಿ ಭಾವುಕ ವಿಡಿಯೋ ಮಾಡಿ ಹಂಚುವ ಸಂಸ್ಥೆಗಳು ಈ ಸಂಕಟವನ್ನು ಮರೆಯುತ್ತವೆ, ಅದು ನನಗೆ ಸರಿ ಕಾಣುವುದಿಲ್ಲ. ಆದರೂ ಒಂದು ಮಾತು ಇದೆ. ಜೈಲಿಗೆ ಹೋದವರಲ್ಲಿ ಹೆಚ್ಚಿನವರು ಒಂದು ದಿನ ಹೊರಗೆ ಬಂದೇ ಬರುತ್ತಾರೆ, ಯಾರದೋ ಮನೆ ಪಕ್ಕದಲ್ಲಿ ಬದುಕುತ್ತಾರೆ. ಒಳಗೆ ಕಳೆದ ವರ್ಷಗಳಲ್ಲಿ ಅವರು ತಮ್ಮ ಸಿಟ್ಟನ್ನು ಹಿಡಿಯಲು ಕಲಿತಿದ್ದರೆ ಮುಂದಿನ ಬಲಿಪಶು ಒಬ್ಬರು ಉಳಿಯಬಹುದು. ಶಿಕ್ಷೆ ಎಂದರೆ ಸ್ವಾತಂತ್ರ್ಯ ಕಿತ್ತುಕೊಳ್ಳುವುದು, ಅದು ಆಗಿಯೇ ಇದೆ. ನಾಯಿ ಬಂದಿದ್ದರಿಂದ ಶಿಕ್ಷೆಯ ಅವಧಿ ಒಂದು ದಿನವೂ ಕಡಿಮೆಯಾಗಬೇಕಾಗಿಲ್ಲ.

ದುಡಿಮೆಯ ಪ್ರಶ್ನೆ ಇನ್ನೂ ಇಕ್ಕಟ್ಟಿನದು. ಪೂರ್ತಿ ತಯಾರಾದ ಒಂದು ಸಹಾಯಕ ನಾಯಿಗೆ ಅಮೆರಿಕದಲ್ಲಿ ಹತ್ತಾರು ಸಾವಿರ ಡಾಲರ್ ಖರ್ಚು ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ತರಬೇತಿಯ ಶ್ರಮ. ಆ ಶ್ರಮ ಮಾಡುವ ಕೈದಿಗೆ ಗಂಟೆಗೆ ಕೆಲವು ಸೆಂಟ್, ಕೆಲವು ಕಡೆ ಅದೂ ಇಲ್ಲ. ಗುಲಾಮಗಿರಿಯನ್ನು ರದ್ದು ಮಾಡಿದ, ಅಮೆರಿಕದ ಸಂವಿಧಾನದ 1865ರ 13ನೇ ತಿದ್ದುಪಡಿಯೇ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಅಲ್ಲಿ ಜಾಗ ಬಿಟ್ಟಿದೆ. ಕೈದಿಗಳು ಈ ಕೆಲಸವನ್ನು ಇಷ್ಟಪಟ್ಟು ಮಾಡುತ್ತಾರೆ, ಸಾಲುಗಟ್ಟಿ ಅರ್ಜಿ ಹಾಕುತ್ತಾರೆ, ನಿಜ. ಹಾಗೆಂದು ಕೂಲಿ ಕೊಡದೆ ಇರಬಹುದು ಎಂದರ್ಥವಲ್ಲ. ಶ್ರಮಕ್ಕೆ ಬೆಲೆಯಿದೆ ಎಂದು ಕಲಿಸುವ ಕಾರ್ಯಕ್ರಮವೇ ಶ್ರಮಕ್ಕೆ ಬೆಲೆ ಕಟ್ಟದಿದ್ದರೆ ಹೇಗೆ?

ನಾಯಿಗಳ ಕಡೆಯಿಂದಲೂ ನೋಡಬೇಕು, ಅಲ್ವಾ? ಅವು ಯಾವ ತಪ್ಪೂ ಮಾಡದೆ ಜೈಲಿಗೆ ಬಂದ ಜೀವಗಳು. ಎಳೆಯ ಮರಿ ಮೊದಲ ತಿಂಗಳುಗಳಲ್ಲಿ ಏನೇನು ನೋಡುತ್ತದೋ ಅದಕ್ಕೆ ಹೊಂದಿಕೊಳ್ಳುತ್ತದೆ. ಸೆಲ್, ಕಾಂಕ್ರೀಟು, ಕಬ್ಬಿಣದ ಬಾಗಿಲ ಸದ್ದು ಮಾತ್ರ ಕಂಡ ನಾಯಿ ನಾಳೆ ಬಸ್ಸು, ಲಿಫ್ಟು, ಕಿರುಚುವ ಮಕ್ಕಳನ್ನು ಕಂಡರೆ ಕಂಗಾಲಾಗುತ್ತದೆ. ಅದಕ್ಕೇ ಒಳ್ಳೆಯ ಕಾರ್ಯಕ್ರಮಗಳಲ್ಲಿ ವಾರಾಂತ್ಯಕ್ಕೆ ಮರಿಯನ್ನು ಹೊರಗಿನ ಸ್ವಯಂಸೇವಕರ ಮನೆಗೆ ಕಳಿಸುತ್ತಾರೆ. ಜಪಾನಿನ ಶಿಮಾನೆ ಅಸಾಹಿ ಎಂಬ ಜೈಲಿನಲ್ಲಿ ಇದನ್ನು ಬಹಳ ಚೆಂದವಾಗಿ ಮಾಡಿದ್ದಾರೆ. 2008ರಲ್ಲಿ ಸರ್ಕಾರ ಮತ್ತು ಖಾಸಗಿಯವರು ಸೇರಿ ತೆರೆದ, ಮೊದಲ ಸಲ ಶಿಕ್ಷೆಯಾದ ಗಂಡಸರನ್ನು ಇಡುವ ಜಾಗ ಅದು. 2009ರಿಂದ ಅಲ್ಲಿ ಅಂಧರ ಮಾರ್ಗದರ್ಶಿ ನಾಯಿಗಳ ಮರಿ ಬೆಳೆಸುತ್ತಿದ್ದಾರೆ. ವಾರದ ದಿನಗಳಲ್ಲಿ ಮರಿ ಕೈದಿಗಳ ಜೊತೆ, ವಾರಾಂತ್ಯದಲ್ಲಿ ಸುತ್ತಲಿನ ಊರಿನ ಕುಟುಂಬದ ಜೊತೆ. ನಡುವೆ ಒಂದು ಪುಸ್ತಕ ಓಡಾಡುತ್ತದೆ, ಮರಿ ಏನು ತಿಂದಿತು, ಏನು ಕಲಿಯಿತು, ಯಾವುದಕ್ಕೆ ಹೆದರಿತು ಎಂದು ಎರಡೂ ಕಡೆಯವರು ಬರೆಯುತ್ತಾರೆ. ಆ ಕುಟುಂಬಕ್ಕೆ ಕೈದಿಯ ಮುಖ ಗೊತ್ತಿಲ್ಲದಿದ್ದರೂ ಅವನ ಕೈಬರಹ ಗೊತ್ತಿರುತ್ತದೆ.

ಸ್ಕಾಟ್ಲೆಂಡಿನ ಪೋಲ್ಮಾಂಟ್ ಯುವ ಅಪರಾಧಿಗಳ ಜೈಲಿನಲ್ಲಿ 2011ರಲ್ಲಿ ಶುರುವಾದ 'ಪಾಜ್ ಫಾರ್ ಪ್ರೋಗ್ರೆಸ್' ಕೂಡ ಬರವಣಿಗೆಯನ್ನು ಹೀಗೇ ಬಳಸಿತು. ತರಗತಿ ಎಂದರೆ ಓಡಿಹೋಗುತ್ತಿದ್ದ ಹುಡುಗರು ತಾವು ಪಳಗಿಸಿದ ನಾಯಿಗೆ ಮನೆ ಸಿಗಲಿ ಎಂದು ಅದರ ಪರಿಚಯ ಬರೆಯಲು ಕೂತರು.

ಭದ್ರತೆಯ ಮಾತನ್ನು ಬಿಡುವ ಹಾಗಿಲ್ಲ. 2006ರ ಫೆಬ್ರುವರಿಯಲ್ಲಿ ಕ್ಯಾನ್ಸಸ್ ರಾಜ್ಯದ ಲ್ಯಾನ್ಸಿಂಗ್ ಜೈಲಿನಿಂದ ಕೊಲೆ ಅಪರಾಧಿಯೊಬ್ಬ ನಾಯಿ ಸಾಗಿಸುವ ಪೆಟ್ಟಿಗೆಯಲ್ಲಿ ಅಡಗಿ ವ್ಯಾನಿನಲ್ಲಿ ಹೊರಗೆ ಹೋದ. ವ್ಯಾನ್ ನಡೆಸುತ್ತಿದ್ದವರು ಆ ನಾಯಿ ಕಾರ್ಯಕ್ರಮವನ್ನು ಕಟ್ಟಿದ ಸ್ವಯಂಸೇವಕಿಯೇ. ಎರಡು ವಾರದೊಳಗೆ ಟೆನೆಸ್ಸಿಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಒಂದೇ ಒಂದು ಘಟನೆಯಿಂದ ಎಲ್ಲ ಕಡೆ ಬಾಗಿಲು ಮುಚ್ಚಬೇಕು ಎನ್ನುವುದು ಸರಿಯಲ್ಲ. ಆದರೆ ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ, ಅವರ ಮೇಲಿನ ನಂಬಿಕೆಯ ಮೇಲೆ ನಿಂತ ಕಾರ್ಯಕ್ರಮ ಎಷ್ಟು ಸೂಕ್ಷ್ಮ ಎನ್ನುವುದು ಇದರಿಂದ ಗೊತ್ತಾಗುತ್ತದೆ. 2020ರಲ್ಲಿ ಕೋವಿಡ್ ಬಂದಾಗಲೂ ಹೊರಗಿನವರಿಗೆ ಪ್ರವೇಶ ನಿಂತು ಹಲವು ಕಡೆ ನಾಯಿಗಳು ಹೊರಟುಹೋದವು.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು ಕೊನೆಯ ಹಂತ. ಮೊದಲು ನಾಯಿ ಹೋಗುತ್ತದೆ. ಎರಡು ವರ್ಷ ಕಾಲಬುಡದಲ್ಲಿ ಮಲಗಿದ ಜೀವವನ್ನು ತಾನೇ ಹಗ್ಗ ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋಗಿ ಬಿಟ್ಟುಕೊಡಬೇಕು. ಕೆಲವು ಕಡೆ ನಾಯಿ ಪಡೆಯುವ ಅಂಗವಿಕಲರನ್ನೋ ಸೈನಿಕರನ್ನೋ ಜೈಲಿಗೇ ಕರೆಸಿ ಬೆಳೆಸಿದವರ ಜೊತೆ ಭೇಟಿ ಮಾಡಿಸುತ್ತಾರೆ. ಅದು ಎಲ್ಲ ಕಡೆ ಕಡ್ಡಾಯವಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಎಲ್ಲಿಗೆ ಹೋಯಿತು ಎಂದು ಗೊತ್ತಿಲ್ಲದೆ ಹೋದ ನಾಯಿ, ಆ ಮನುಷ್ಯ ಈಗಾಗಲೇ ಕಳೆದುಕೊಂಡವರ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುತ್ತದೆ ಅಷ್ಟೇ.

ಆಮೇಲೆ ಮನುಷ್ಯನೂ ಹೊರಗೆ ಬರುತ್ತಾನೆ. ಕೈಯಲ್ಲಿ ನಿಜವಾದ ಕಸುಬಿದೆ. ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಕೆನಲ್, ನಾಯಿಗಳ ಸ್ನಾನ ಸಿಂಗಾರದ ಅಂಗಡಿ, ಶೆಲ್ಟರ್, ಪಶು ಆಸ್ಪತ್ರೆಯ ಸಹಾಯಕನ ಕೆಲಸ ಎಲ್ಲದಕ್ಕೂ ಅವನು ತಕ್ಕವನು. ಆದರೆ ಅರ್ಜಿಯಲ್ಲಿ ಹಳೆಯ ಅಪರಾಧದ ಖಾನೆ ತುಂಬಿದ ಕೂಡಲೇ ಮಾತು ನಿಲ್ಲುತ್ತದೆ. ಬಿಡುಗಡೆಯಾದವರನ್ನು ಮೊದಲು ಇಡುವ ವಸತಿಗೃಹಗಳಲ್ಲಿ ಸಾಮಾನ್ಯವಾಗಿ ನಾಯಿ ಸಾಕುವ ಹಾಗಿಲ್ಲ. ಅಮೆರಿಕದಲ್ಲಿ ಪೆರೋಲ್ ಎಂದರೆ ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುಗಡೆ, ಅದರ ನಿಯಮಗಳಲ್ಲಿ ಇನ್ನೊಂದು ಸಾಮಾನ್ಯ ಷರತ್ತು ಇದೆ, ಬೇರೆ ಅಪರಾಧಿಗಳ ಒಡನಾಟ ಇರಬಾರದು ಎಂದು. ಅಂದರೆ ಅವನ ಕಸುಬು ಗೊತ್ತಿರುವ, ಜೊತೆಗೆ ಮರಿ ಬೆಳೆಸಿದ, ಬಿದ್ದಾಗ ಕೈ ಹಿಡಿಯಬಲ್ಲ ಜನರೇ ಅವನಿಗೆ ನಿಷಿದ್ಧ. ಒಳಗೆ ಇದ್ದ ಎರಡು ವರ್ಷದ ಗಳಿಕೆ ಹೊರಗಿನ ಮೊದಲ ಎರಡು ತಿಂಗಳಲ್ಲಿ ಕರಗಿ ಹೋಗಲು ಇಷ್ಟು ಸಾಕು.

ಯಾವುದೇ ಜೈಲು ಈ ಕಾರ್ಯಕ್ರಮ ಶುರು ಮಾಡುತ್ತೇವೆ ಎಂದಾಗ ನಾನು ಕೇಳುವುದು ಮರಿ ಯಾವ ತಳಿಯದು ಎಂದಲ್ಲ. ಕಲಿತದ್ದಕ್ಕೆ ಹೊರಗಿನವರು ಒಪ್ಪುವ ಸರ್ಟಿಫಿಕೇಟ್ ಸಿಗುತ್ತದಾ? ಅದರ ಮೇಲೆ ಜೈಲಿನ ಹೆಸರು ಇರದ ಹಾಗೆ ನೋಡಿಕೊಳ್ಳುತ್ತೀರಾ? ಕೂಲಿ ಎಷ್ಟು? ಬಿಡುಗಡೆಯಾದವನನ್ನು ಮೊದಲ ಆರು ತಿಂಗಳು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ ಕೆನಲ್ ಅಥವಾ ಶೆಲ್ಟರ್ ಒಂದಾದರೂ ಇದೆಯಾ? ಜೊತೆಗೆ ತರಬೇತಿ ಪಡೆದವರು ಹೊರಗೆ ಭೇಟಿಯಾಗಲು ಪೆರೋಲ್ ಅಧಿಕಾರಿಗಳು ಅನುಮತಿ ಕೊಟ್ಟಿದ್ದಾರಾ? ಈ ಕಾಗದಪತ್ರಗಳಿಗೆ ಸಹಿ ಬಿದ್ದ ಮೇಲೆ ಮೊದಲ ಮರಿಯನ್ನು ಒಳಗೆ ತರಬೇಕು, ಅದಕ್ಕಿಂತ ಮುಂಚೆ ಬೇಡ.